ಕೆಮ್ಮು ನಿಂತ ರಾತ್ರಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಮ್ಮು ನನ್ನದು, ಗಂಟಲು ನನ್ನದು, ಔಷಧಿಯೂ ನನ್ನದೇ. ಆದರೆ ಆ ಔಷಧಿಯನ್ನು ನಾನು ತಿನ್ನಿಸಿದ್ದು ಐದು ತಟ್ಟೆ ರೇಷ್ಮೆ ಹುಳಕ್ಕೆ. ಅಲ್ಲಿಯವರೆಗೆ ಯಾವ ಡಾಕ್ಟರೂ ಮಾಡದಿದ್ದ ಪ್ರಯೋಗ ಅದು. ಯಾಕೆ ಮಾಡಿರಲಿಲ್ಲ ಅನ್ನುವುದು ಮಾರನೆಯ ಬೆಳಗ್ಗೆ ನನಗೆ ತಿಳಿಯಿತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಕೋಲಾರದ ಕಾಲೇಜಿನಲ್ಲಿ ಬಿ.ಎ. ಪರೀಕ್ಷೆ ಬರೆದು, ಪಾಸಾಗುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಮಾಡಿ, ಮಾಸ್ತಿ ಹತ್ತಿರದ ನಮ್ಮೂರಿನಲ್ಲಿ ಜಗಲಿ ಮೇಲೆ ಮಲಗಿ ಮುಂದಿನ ಜೀವನದ ಬಗ್ಗೆ ಯೋಚಿಸುತ್ತಿದ್ದೆ. ಈ ಯೋಚನೆ ಮೂರು ತಿಂಗಳು ನಡೆಯಿತು. ನಾಲ್ಕನೇ ತಿಂಗಳು ಅಪ್ಪ ಬಂದು ನನ್ನ ತಲೆಯ ಹತ್ತಿರ ನಿಂತು, "ಯೋಚ್ನೆ ನಿಮ್ಮಕ್ಕನ ಊರಲ್ಲೂ ಮಾಡ್ಬೌದು. ಅಲ್ಲಿ ಹುಳ ಸಾಕವ್ಳೆ, ಜನ ಸಾಲ್ದು. ಏಳು," ಅಂದರು. ನಾನು ಎದ್ದೆ. ಮೂರು ತಿಂಗಳಲ್ಲಿ ಊಟಕ್ಕಲ್ಲದೆ ಎದ್ದಿದ್ದು ಅದೇ ಮೊದಲು.

ಅಕ್ಕನನ್ನು ಕೊಟ್ಟಿದ್ದು ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಗೆ. ಅಲ್ಲಿ ಬಯ್ಯುವುದಾದರೆ ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ. ಭಾವ ತರಕಾರಿ ಲಾರಿ ಓಡಿಸುತ್ತಿದ್ದರು, ಮೂರು ದಿನಕ್ಕೊಮ್ಮೆ ಮನೆಗೆ ಬಂದು ನಿದ್ದೆ ಮಾಡಿ ಹೋಗುತ್ತಿದ್ದರು. ಮನೆಯಲ್ಲಿ ಇದ್ದವರು ಅಕ್ಕ ಮತ್ತು ಅಕ್ಕನ ಅತ್ತೆ. ನಾನೂ ಅವರನ್ನು ಅತ್ತೆ ಅಂತಲೇ ಕರೆಯುತ್ತಿದ್ದೆ.

ಅತ್ತೆ ಮೂವತ್ತು ವರ್ಷ ಹುಳ ಸಾಕಿದವರು. ಊರಿನಲ್ಲಿ ಎಲ್ಲರ ಹುಳಕ್ಕೂ ಸುಣ್ಣಕಟ್ಟು ರೋಗ ಬಂದು ಬೆಳ್ಳಗೆ ಬಿಗಿದುಕೊಂಡ ವರ್ಷ ಕೂಡ ಅವರ ಬಿದಿರು ತಟ್ಟೆಯಲ್ಲಿ ಗೂಡು ಆಗಿತ್ತಂತೆ. "ಆಕೆ ಕೈಗುಣ ಅಂಥಾದ್ದು" ಅಂತ ಜನ ಅನ್ನುತ್ತಿದ್ದರು. ಈಗ ಅವರ ಮೊಣಕಾಲು ಹೋಗಿತ್ತು. ಕೂತರೆ ಏಳುವುದಕ್ಕೆ ಗೋಡೆ ಬೇಕು, ಎದ್ದರೆ ಬಗ್ಗುವುದಕ್ಕಾಗುವುದಿಲ್ಲ. ಹಾಗಾಗಿ ಮೊದಲ ಸಲ ಹುಳದ ಮನೆಯ ಬೀಗದಕೈಯನ್ನು ಸೊಂಟದಿಂದ ಬಿಚ್ಚಿ ಅಕ್ಕನ ಕೈಗೆ ಕೊಟ್ಟಿದ್ದರು. ಕೊಡುವಾಗ ಒಂದು ಮಾತು ಹೇಳಿದ್ದರು.

"ಈ ಒಂದ್ ಬೆಳೆಗೆ ಕೊಟ್ಟಿದೀನಮ್ಮಾ. ಗೂಡು ಚೆನ್ನಾಗ್ ಬಂದ್ರೆ ನಿನ್ನದೇ. ಕೆಡ್ತು ಅಂದ್ರೆ, ತೆವಳ್ಕೊಂಡಾದ್ರೂ ಸರಿ, ನಾನೇ ನೋಡ್ಕೊಂತೀನಿ."

ಅಕ್ಕ ಆ ಬೀಗದಕೈಯನ್ನು ತಾಳಿಯ ಜೊತೆ ಕಟ್ಟಿಕೊಂಡಿದ್ದಳು. ಮದುವೆಯಾಗಿ ಆರು ವರ್ಷದಲ್ಲಿ ಆ ಮನೆಯಲ್ಲಿ ಅವಳದು ಅಂತ ಅವಳ ಕೈಗೆ ಬಂದ ಮೊದಲನೆಯ ವಸ್ತು ಅದು. ಅಂಥ ಮನೆಗೆ ಸಹಾಯಕ್ಕೆ ಅಂತ ನನ್ನನ್ನು ಕಳಿಸಿದ ನಮ್ಮಪ್ಪನ ದೂರದೃಷ್ಟಿಯನ್ನು ಮೆಚ್ಚಲೇಬೇಕು.

ಹುಳದ ಮನೆಯ ಕಾನೂನು ಕೇಳಿ ನಾನು ಬೆರಗಾಗಿಬಿಟ್ಟೆ. ಕಾಲು ತೊಳೆದು ಒಳಗೆ ಬರಬೇಕು. ಕೈ ತೊಳೆದು ಹಿಪ್ಪುನೇರಳೆ ಸೊಪ್ಪು ಮುಟ್ಟಬೇಕು. ಬೀಡಿ ಸೇದಿದವನು ಬಾಗಿಲ ಹತ್ತಿರವೂ ಸುಳಿಯಬಾರದು. ವಾಸನೆ ಅನ್ನುವುದು ಇರಲೇಬಾರದು, ಅದು ಒಳ್ಳೆಯ ವಾಸನೆಯಾದರೂ ಸರಿ. ಅಕ್ಕ ಹುಳ ಮನೆಗೆ ಬಂದಾಗಿನಿಂದ ಮಲ್ಲಿಗೆ ಮುಡಿದಿರಲಿಲ್ಲ. ಸಾರಿಗೆ ಒಗ್ಗರಣೆ ಹಾಕುವುದನ್ನೇ ನಿಲ್ಲಿಸಿದ್ದರು. ಬರೀ ಉಪ್ಪು ಹುಳಿಯ ಬೋಳು ಸಾರಿನಲ್ಲಿ ಮುದ್ದೆ ಅದ್ದಿ ನುಂಗುವಾಗ, ಈ ಹುಳಗಳು ಯಾವ ಮಹಾರಾಜರ ಮನೆಯಿಂದ ಬಂದಿದ್ದಾವೋ ಅನ್ನಿಸುತ್ತಿತ್ತು. ನಮ್ಮ ಮನೆಯಲ್ಲಿ ನನಗೆ ಇದರ ಅರ್ಧ ಮರ್ಯಾದೆ ಸಿಕ್ಕಿದ್ದರೆ ನಾನೂ ಎಂದೋ ಗೂಡು ಕಟ್ಟಿರುತ್ತಿದ್ದೆ.

ಹೋದ ಮೂರನೇ ದಿನಕ್ಕೆ ಕೆಮ್ಮು ಶುರುವಾಯಿತು.

ಸಾಧಾರಣ ಕೆಮ್ಮಲ್ಲ. ಸಾಧಾರಣ ಕೆಮ್ಮಿಗೆ ಕಫ ಅಂತ ಏನಾದರೂ ಒಂದು ಕಾರಣವಿರುತ್ತದೆ. ಇದು ನನ್ನ ಹಾಗೆ, ಕೆಲಸವೂ ಇಲ್ಲ, ಕಾರಣವೂ ಇಲ್ಲ, ಸುಮ್ಮನೆ ಗಲಾಟೆ. ಹಗಲೆಲ್ಲ ನಾನು ಆರೋಗ್ಯವಂತ. ರಾತ್ರಿ ತಲೆ ಚಾಪೆಗೆ ತಾಗಿದ ಕೂಡಲೇ ಗಂಟಲಿನೊಳಗೆ ಯಾರೋ ಒಂದು ರಾಗಿ ಕಾಳನ್ನು ಇಟ್ಟು, ಕೋಳಿಗರಿಯಲ್ಲಿ ಕೆರೆದ ಹಾಗೆ ಆಗುತ್ತಿತ್ತು. ಒಂದು ಸಲ ಕೆಮ್ಮಿದರೆ ಅದು ನೂರಕ್ಕೆ ಮುನ್ನುಡಿ. ನಾನು ಕೆಮ್ಮಿದರೆ ಹಟ್ಟಿಯಲ್ಲಿ ಎಮ್ಮೆ ಎದ್ದು ನಿಲ್ಲುತ್ತಿತ್ತು. ಬೀದಿ ಕೊನೆಯ ನಾಯಿ ಬೊಗಳುತ್ತಿತ್ತು. ಅದಕ್ಕೆ ಉತ್ತರವಾಗಿ ಮುಳಬಾಗಿಲು ತನಕ ನಾಯಿಗಳು ಒಂದಾದ ಮೇಲೊಂದು ಬೊಗಳಿ, ಆ ಸುದ್ದಿ ಕುರುಡುಮಲೆಯ ಗಣೇಶನ ಕಿವಿಗೂ ಬೀಳುತ್ತಿತ್ತು ಅಂತ ನನ್ನ ನಂಬಿಕೆ. ಅಷ್ಟು ದೊಡ್ಡ ಕಿವಿ ಇಟ್ಟುಕೊಂಡೂ ಅವನು ಏನೂ ಮಾಡಲಿಲ್ಲ.

ನಾನು ಮಲಗುತ್ತಿದ್ದುದು ಹುಳದ ಮನೆಯ ಮುಂದಿನ ಪಡಸಾಲೆಯಲ್ಲಿ. ರಾತ್ರಿಯ ಸೊಪ್ಪು ಹಾಕಲು, ಇಲಿ ಹಲ್ಲಿ ಬರದಂತೆ ನೋಡಿಕೊಳ್ಳಲು ಒಬ್ಬರು ಅಲ್ಲಿರಬೇಕಿತ್ತು. ಅತ್ತೆ ಅಂಗಳದಾಚೆ ಮಂಚದ ಮೇಲೆ ಮಲಗಿರುತ್ತಿದ್ದರು.

"ಏಮಬ್ಬಾಯಿ," ಅಂತ ಕೆಮ್ಮಿದ ಮೊದಲನೆಯ ರಾತ್ರಿಯೇ ಕತ್ತಲಿಂದ ಅವರ ದನಿ ಬಂತು. "ಅದು ದಗ್ಗೋ, ಲಾರಿ ಸ್ಟಾರ್ಟ್ ಆಗ್ತಿರೋದೋ? ನನ್ ಮಗ ಬಂದ ಅಂತ ಎದ್ ಕೂತಿದ್ನಲ್ಲೋ." ಕೆಮ್ಮಿಗೆ ಅವರು ತೆಲುಗಿನಲ್ಲಿ ದಗ್ಗು ಅನ್ನುತ್ತಿದ್ದರು, ನನ್ನನ್ನು ಅಬ್ಬಾಯಿ, ಅಂದರೆ ಹುಡುಗ.

ಬೆಳಗ್ಗೆ ಅವರೇ ಔಷಧಿಯನ್ನೂ ಹೇಳಿದರು. ಹಳೇ ಬೆಲ್ಲದ ಒಂದು ಚೂರು ದವಡೆಯಲ್ಲಿ ಇಟ್ಟುಕೊಳ್ಳಬೇಕು, ಅಗಿಯಬಾರದು, ತಾನಾಗಿ ಕರಗಿ ಇಳಿಯಬೇಕು. ಪಕ್ಕದಲ್ಲಿ ಬಿಸಿನೀರು ಇಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯಬೇಕು. ತಲೆ ಎತ್ತರಕ್ಕೆ ಇಟ್ಟು ಮಲಗಬೇಕು. ಅಷ್ಟೇ.

ಬಿ.ಎ. ತನಕ ಓದಿದವನಿಗೆ ಬೆಲ್ಲ! ಆದರೂ ದೊಡ್ಡವರ ಮಾತಿಗೆ ಬೆಲೆ ಕೊಟ್ಟು ಆ ರಾತ್ರಿ ಬೆಲ್ಲ ಬಾಯಿಗೆ ಹಾಕಿದೆ. ಎರಡೇ ಸಲ ಕಟಂ ಕಟಂ ಅಂತು, ಮುಗಿಯಿತು. ಇನ್ನೊಂದು ಚೂರು ಹಾಕಿದೆ. ಅದೂ ಮುಗಿಯಿತು. ಬೆಳಗಾಗುವಷ್ಟರಲ್ಲಿ ಅರ್ಧ ಅಚ್ಚು ಬೆಲ್ಲ ಖರ್ಚಾಗಿತ್ತು, ಕೆಮ್ಮು ಹಾಗೇ ಇತ್ತು. "ಅತ್ತೆ, ನಿಮ್ ಔಷಧಿ ಕೆಲ್ಸ ಮಾಡ್ಲಿಲ್ಲ," ಅಂದೆ. ಅವರು ಖಾಲಿ ಡಬ್ಬ ನೋಡಿ, ನನ್ನನ್ನು ನೋಡಿ, "ಔಷ್ದಿ ಕೆಲ್ಸ ಮಾಡ್ಲಿಲ್ಲ, ನೀನ್ ಮಾಡಿದೀಯ," ಅಂದರು.

ಊರಿನವರು ಹೇಳಿದ ಬೇರೆ ಔಷಧಿಗಳನ್ನೆಲ್ಲ ಅಕ್ಕ ಬಾಗಿಲಲ್ಲೇ ತಡೆದಳು. ಪಕ್ಕದ ಮನೆಯವರು ಬೆಳ್ಳುಳ್ಳಿ ಸುಟ್ಟು ತಿನ್ನು ಅಂದರು. ಅಕ್ಕ, "ಹುಳಕ್ಕಾಗಲ್ಲ" ಅಂದಳು. ಓಮದ ಹೊಗೆ ತಗೋ ಅಂದರು, "ಹುಳಕ್ಕಾಗಲ್ಲ." ಲವಂಗ? "ಹುಳಕ್ಕಾಗಲ್ಲ."

"ನಾನ್ ಸತ್ರೆ ಹುಳಕ್ಕಾಗತ್ತಾ?" ಅಂದೆ.

"ದೂರ ಹೋಗಿ ಸಾಯಿ. ಹೆಣದ ವಾಸ್ನೇನೂ ಆಗಲ್ಲ," ಅಂದಳು ನನ್ನ ಒಡಹುಟ್ಟಿದವಳು.

ಆಗ ನಾನು ಸ್ವತಂತ್ರ ನಿರ್ಧಾರ ತೆಗೆದುಕೊಂಡೆ. ಕೂದಲು ಕತ್ತರಿಸಿಕೊಳ್ಳುವ ನೆಪ ಹೇಳಿ ಬಸ್ಸು ಹತ್ತಿ ಕೋಲಾರಕ್ಕೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿಯಲ್ಲಿ ಒಂದು ಸೀಸೆ ನೀಲಗಿರಿ ಎಣ್ಣೆ, ಒಂದು ಡಬ್ಬಿ ಕರ್ಪೂರದ ಮುಲಾಮು ಕೊಂಡೆ. ಅಂಗಡಿಯವನು, "ಬಿಸಿನೀರಿಗೆ ಮೂರ್ ಹನಿ ಹಾಕಿ ಹಬೆ ತಗೊಳಿ, ಸಾಕು," ಅಂದ. ಕೂದಲು ಕತ್ತರಿಸಿಕೊಳ್ಳುವುದನ್ನು ಮರೆತೇ ವಾಪಸು ಬಂದೆ. "ಅಂಗ್ಡಿ ಬಾಗ್ಲು ಹಾಕಿತ್ತು," ಅಂತ ಸುಳ್ಳು ಹೇಳಿ ಸೀಸೆಯನ್ನು ಹಾಸಿಗೆ ಸುತ್ತಿನಲ್ಲಿ ಬಚ್ಚಿಟ್ಟೆ.

ಅಷ್ಟು ಹೊತ್ತಿಗೆ ಹುಳ ನಾಲ್ಕನೇ ಜ್ವರ ಎದ್ದಿತ್ತು. ಹುಳ ಪೊರೆ ಬಿಡುವ ಮುಂಚೆ ಒಂದು ದಿನ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಅದಕ್ಕೆ ಆ ಕಡೆ ಜ್ವರ ಅಂತಾರೆ. ನಾಲ್ಕು ಸಲ ಹೀಗೆ ಮಲಗಿ ನಾಲ್ಕು ಸಲವೂ ಏಳುತ್ತದೆ. ನಾನು ಒಂದೇ ಸಲ ಫೇಲಾಗಿ ಇನ್ನೂ ಎದ್ದಿರಲಿಲ್ಲ. ನಾಲ್ಕನೆಯದು ಎದ್ದ ಮೇಲೆ ಶುರುವಾಗುವ ಹಸಿವನ್ನು ಕಿವಿಯಲ್ಲೇ ಕೇಳಬಹುದು. ನೂರಾರು ಹುಳ ಒಟ್ಟಿಗೆ ಎಲೆ ಕತ್ತರಿಸುವ ಸದ್ದು, ಸೋಗೆಯ ಮೇಲೆ ಸಣ್ಣ ಮಳೆ ಬಿದ್ದ ಹಾಗೆ, ಹಗಲೂ ರಾತ್ರಿ. ಆ ಒಂದು ವಾರ ಸೊಪ್ಪು ತಪ್ಪಿತೋ, ಗೂಡು ತಪ್ಪಿತು.

ಅವತ್ತು ಅಕ್ಕ ಬೆಳಗಿಂದ ಸೊಪ್ಪು ಬಿಡಿಸಿ, ಹೊತ್ತು, ತಟ್ಟೆ ತೆಗೆದು ಇಟ್ಟು ಸುಸ್ತಾಗಿದ್ದಳು. ರಾತ್ರಿ ಒಳಗಿನ ತಟ್ಟೆಗಳಿಗೆಲ್ಲ ತಾನೇ ಸೊಪ್ಪು ಹಾಕಿ, ಬಾಗಿಲ ಪಕ್ಕದ ಗಿಡ್ಡ ಸ್ಟ್ಯಾಂಡಿನ ಐದು ತಟ್ಟೆಯನ್ನು ನನಗೆ ಬಿಟ್ಟಳು.

"ಐದೇ ತಟ್ಟೆ ಕಣೋ. ಕೈ ತೊಳ್ಕೊಂಡು ಹಾಕ್ಬಿಟ್ಟು ಮಲ್ಕೋ. ನಂಗೆ ನಿಲ್ಲಕ್ಕಾಗ್ತಿಲ್ಲ," ಅಂದು ಗೋಡೆಗೆ ಒರಗಿದಳು. ಒರಗಿದ ಹಾಗೇ ನಿದ್ದೆ ಹೋದಳು.

ನನಗೆ ಒಳ್ಳೆಯ ಸಮಯ ಸಿಕ್ಕಿತು. ಪಡಸಾಲೆಯ ಒಲೆಯ ಮೇಲೆ ಒಂದು ಪಾತ್ರೆ ನೀರು ಕಾಯಿಸಿದೆ. ಮೂರು ಹನಿ ಅಂದಿದ್ದನಲ್ಲ, ಅದು ಮೂರು ಹನಿಯ ಕೆಮ್ಮಿಗೆ ಅಂತ ನಾನೇ ಅರ್ಥ ಮಾಡಿಕೊಂಡು ಅರ್ಧ ಸೀಸೆ ಬಗ್ಗಿಸಿದೆ. ಕಂಬಳಿ ಹೊದ್ದು ಹಬೆಯೊಳಗೆ ಮುಖ ಇಟ್ಟೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಹುಟ್ಟಿದಾಗಿನಿಂದ ಮುಚ್ಚಿದ್ದ ಮೆದುಳಿನ ಒಂದೆರಡು ಬಾಗಿಲೂ ತೆಗೆದುಕೊಂಡವು ಅಂತ ಕಾಣುತ್ತದೆ. ಆಮೇಲೆ ಮುಲಾಮನ್ನು ಗಂಟಲಿಗೆ, ಎದೆಗೆ, ಬೆನ್ನಿಗೆ, ಎರಡು ಅಂಗಾಲಿಗೆ ಬಳಿದೆ. ಗೋಡೆಗೆ ಸುಣ್ಣ ಹೊಡೆಯುವವನೂ ಅಷ್ಟು ದಪ್ಪ ಬಳಿಯುವುದಿಲ್ಲ. ಗಂಟಲು ತಣ್ಣಗಾಯಿತು. ರಾಗಿ ಕಾಳು ಮಾಯವಾಯಿತು. ಆ ಸಂತೋಷದಲ್ಲೇ ಸೊಪ್ಪಿನ ಬುಟ್ಟಿ ಎತ್ತಿಕೊಂಡು, ಅದೇ ಹತ್ತು ಬೆರಳಿನಿಂದ ಸೊಪ್ಪನ್ನು ಚೆನ್ನಾಗಿ ಬಿಡಿಬಿಡಿಯಾಗಿ ಮಾಡಿ, ಐದು ತಟ್ಟೆಗೂ ಹರಡಿ, ಮಲಗಿಬಿಟ್ಟೆ.

ಕೈ ತೊಳೆಯಬೇಕು ಅನ್ನುವುದು ನೆನಪಿರಲಿಲ್ಲವೇ ಅಂತ ನೀವು ಕೇಳಬಹುದು. ನೆನಪಿತ್ತು. ಸೊಪ್ಪು ಹಾಕಿ ಆದಮೇಲೆ ತೊಳೆದೆ.

ಎಷ್ಟೋ ದಿನದ ಮೇಲೆ ಒಂದೇ ಒಂದು ಸಲವೂ ಕೆಮ್ಮದೆ ನಿದ್ದೆ ಮಾಡಿದೆ. ಅಂಥ ನಿದ್ದೆ ಮತ್ತೆ ಬಂದಿಲ್ಲ.

ಬೆಳಗ್ಗೆ ಯಾರೋ ನನ್ನ ಕೈ ಹಿಡಿದು ಮೂಸುತ್ತಿದ್ದರು. ಕಣ್ಣು ಬಿಟ್ಟರೆ ಅಕ್ಕ.

"ಏನ್ಲಾ ಮಾಡ್ದೆ?" ಅಂದಳು, ಪಿಸುಮಾತಿನಲ್ಲಿ. ಅವಳು ಕೂಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಗಿಡ್ಡ ಸ್ಟ್ಯಾಂಡಿನಿಂದ ಮಳೆಯ ಸದ್ದು ಬರುತ್ತಿರಲಿಲ್ಲ. ಬಗ್ಗಿ ನೋಡಿದೆ. ಕೆಳಗಿನ ಮೂರು ತಟ್ಟೆಯಲ್ಲಿ ರಾತ್ರಿ ಹಾಕಿದ ಸೊಪ್ಪು ಹಾಗೇ ಇತ್ತು. ಹುಳಗಳೆಲ್ಲ ಸೊಪ್ಪು ಬಿಟ್ಟು ಅಂಚಿಗೆ ಹತ್ತಿ, ತಲೆ ಎತ್ತಿಕೊಂಡು, ನನ್ನ ಕಡೆಗೆ ಬೆನ್ನು ಮಾಡಿಕೊಂಡಿದ್ದವು. ನಾನು ಸಮಾಧಾನ ಹೇಳುವ ದನಿಯಲ್ಲಿ, "ಐದನೇ ಜ್ವರ ಇರ್ಬೇಕು ಬಿಡಕ್ಕ," ಅಂದೆ.

"ಹುಳಕ್ಕೆ ಇರೋದೇ ನಾಲ್ಕು ಜ್ವರ ಕಣೋ, ಕತ್ತೆ! ಐದ್ನೇದು ನಂಗೆ ಬಂದಿರೋದು, ನಿನ್ನಿಂದ!"

ಮೇಲಿನ ಎರಡು ತಟ್ಟೆ ಮಾತ್ರ ಚೆನ್ನಾಗಿದ್ದವು, ಹುಳ ಎಲೆ ಕತ್ತರಿಸುತ್ತಾ ಇದ್ದವು. ಸೊಪ್ಪು ಹಾಕುವುದನ್ನು ಕೆಳಗಿಂದ ಶುರುಮಾಡಿದ್ದೆ, ಮೇಲಕ್ಕೆ ಬರುವಷ್ಟರಲ್ಲಿ ಕೈಯ ಎಣ್ಣೆ ಸವೆದಿರಬೇಕು ಅಂತ ಲೆಕ್ಕ ಹಾಕಿ, ಆ ಎರಡು ತಟ್ಟೆಯನ್ನು ಉಳಿಸಿದ ಕೀರ್ತಿಯನ್ನು ನಾನೇ ಇಟ್ಟುಕೊಂಡೆ. ಪಕ್ಕದ ಕಿಟಕಿ ಬೇರೆ ತೆರೆದಿತ್ತು. ಅದು ಗಾಳಿಗೆ ತೆಗೆದುಕೊಂಡಿದೆ ಅಂತ ಇಬ್ಬರೂ ಅಂದುಕೊಂಡೆವು.

ಅಕ್ಕ ಅಳಲಿಲ್ಲ. ಕೊರಳಿನ ಬೀಗದಕೈಯನ್ನು ಒಂದು ಸಲ ಮುಟ್ಟಿ ನೋಡಿಕೊಂಡಳು. ಆಮೇಲೆ ಸೆರಗು ಸಿಕ್ಕಿಸಿ ಕೂತಳು. ವಾಸನೆಯ ಸೊಪ್ಪನ್ನು ಎಲೆ ಎಲೆಯಾಗಿ ಆರಿಸಿ ತೆಗೆದಳು. ಬೇರೆ ತಟ್ಟೆ ತಂದಳು. ಇಬ್ಬನಿ ಆರಿದ ಹೊಸ ಸೊಪ್ಪನ್ನು ಅಂಚಿಗೆ ಇಟ್ಟು, ಹುಳ ಹತ್ತುವ ತನಕ ಕಾದು, ಹತ್ತಿದವನ್ನು ಎಲೆ ಸಮೇತ ಎತ್ತಿ ಹೊಸ ತಟ್ಟೆಗೆ ಬಿಟ್ಟಳು. ಹತ್ತದವನ್ನು ಒಂದೊಂದಾಗಿ ಬೆರಳಲ್ಲಿ ಎತ್ತಿದಳು. ಮೂರು ತಟ್ಟೆ ಮುಗಿಯುವುದಕ್ಕೆ ಬೆಳಗಿನ ಹೊತ್ತೆಲ್ಲ ಹಿಡಿಯಿತು. ಅಷ್ಟು ಹೊತ್ತೂ ನಾನು ಹಟ್ಟಿಯ ಹಿಂದೆ ಹುಣಸೆಹಣ್ಣು, ಬೂದಿ, ಸೀಗೆಪುಡಿ ಹಾಕಿ ಮೈ ಉಜ್ಜಿಕೊಳ್ಳುತ್ತಿದ್ದೆ. ಹಿತ್ತಾಳೆ ಚೊಂಬಿನ ಹಾಗೆ ಹೊಳೆಯುತ್ತಿದ್ದೆ, ಆದರೂ ಕರ್ಪೂರದ ವಾಸನೆ ಹೋಗಲಿಲ್ಲ. ಮಂಗಳಾರತಿ ತಟ್ಟೆಯೊಂದು ನಡೆದುಕೊಂಡು ಬಂದ ಹಾಗಿದ್ದೆ.

ಅತ್ತೆ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದವರು ಮೂಗು ಎತ್ತಿದರು.

"ಏನಮ್ಮಾ, ಏನೋ ವಾಸ್ನೆ?"

ನಾನು ಥಟ್ಟನೆ ಉತ್ತರ ಕೊಟ್ಟೆ. "ಬಸ್ಸಲ್ಲಿ ಅತ್ತೆ. ಪಕ್ದಲ್ಲಿ ಕೂತಿದ್ನಲ್ಲ, ಅವ್ನು ಏನೋ ಹಚ್ಕೊಂಡಿದ್ದ. ನಂಗೂ ಅಂಟ್ಕೊಂಡ್ಬಿಡ್ತು."

"ನಿನ್ನೆ ಬಸ್ಸು, ಇವತ್ತು ವಾಸ್ನೆ. ಲೇಟಾಗಿ ಬರೋ ಬಸ್ ನೋಡಿದೀನಿ, ಲೇಟಾಗಿ ಬರೋ ವಾಸ್ನೆ ನೋಡಿರ್ಲಿಲ್ಲ," ಅಂದು ಅಕ್ಕನ ಕಡೆ ತಿರುಗಿದರು. "ಹುಳ ಹೆಂಗೈತಮ್ಮಾ?"

ಅಕ್ಕ ತಲೆ ಎತ್ತಲಿಲ್ಲ. "ಮೂರ್ ತಟ್ಟೆ ತಿಂದಿಲ್ಲ ಅತ್ತೆ. ನಂದೇ ತಪ್ಪು, ನಿದ್ದೆ ಬಂದ್ಬಿಡ್ತು. ತಟ್ಟೆ ಬದ್ಲಾಯ್ಸಿದೀನಿ," ಅಂದಳು. ನನ್ನ ಹೆಸರು ಬರಲಿಲ್ಲ. ನಾನು ದೊಡ್ಡ ಮನಸ್ಸು ಮಾಡಿ, ಆ ಸುಳ್ಳನ್ನು ತಿದ್ದದೆ ಸುಮ್ಮನಿದ್ದೆ.

ಅತ್ತೆ, "ಹೂಂ," ಅಂದರು. ಅಷ್ಟೇ. ಆ "ಹೂಂ" ಅಕ್ಕನನ್ನು ಎರಡು ದಿನ ತಿಂದಿತು.

ಮಧ್ಯಾಹ್ನಕ್ಕೆ ಒಂದಷ್ಟು ಹುಳ ಎಲೆಯ ಅಂಚಿಗೆ ಬಾಯಿ ಹಾಕಿದವು. ಸಂಜೆ ಅಕ್ಕ ಬಂದು, "ಕೇಳು," ಅಂದಳು. ಮೂರು ತಟ್ಟೆಯಿಂದಲೂ ಸಣ್ಣಗೆ ಸದ್ದು ಬರುತ್ತಿತ್ತು. ಒಂದು ಮೊರದಷ್ಟು ಹುಳ ಮಾತ್ರ ತಿನ್ನಲೇ ಇಲ್ಲ. ಅವನ್ನು ಅವಳೇ ತಿಪ್ಪೆಯ ಹತ್ತಿರ ಗುಂಡಿ ತೋಡಿ ಮುಚ್ಚಿ ಬಂದಳು. ನಾನು ಜೊತೆಗೆ ಹೋದೆ, ತಮಾಷೆ ಮಾಡಲು ಬಾಯಿ ತೆರೆದೆ, ಅವಳ ಮುಖ ನೋಡಿ ಮುಚ್ಚಿಕೊಂಡೆ.

ನನ್ನನ್ನು ಹುಳದ ಮನೆಯಿಂದ ಗಡೀಪಾರು ಮಾಡಿ ಹಟ್ಟಿಯಲ್ಲಿ ಮಲಗಿಸಿದರು. ಉಳಿದ ಎಣ್ಣೆ ಮತ್ತು ಮುಲಾಮು ಅದೇ ಗುಂಡಿ ಸೇರಿದ್ದವು. ಕೆಮ್ಮು ಬಡ್ಡಿ ಸಮೇತ ವಾಪಸು ಬಂತು. ನಡುರಾತ್ರಿ ನಾನೂ ಎಮ್ಮೆಯೂ ಎದುರುಬದುರು ಕೂತಿದ್ದಾಗ, ಗೋಡೆ ಹಿಡಿದುಕೊಂಡು ಯಾರೋ ಬಂದ ಸದ್ದಾಯಿತು. ಅತ್ತೆ. ಒಂದು ಕೈಯಲ್ಲಿ ಬಿಸಿನೀರಿನ ಚೊಂಬು.

"ಬಾಯ್ ತೆಗಿ," ಅಂದರು. ಬೆಲ್ಲದ ಚೂರನ್ನು ತಾವೇ ದವಡೆಯ ಸಂದಿಗೆ ಇಟ್ಟರು. "ಅಗ್ದೀಯಾ, ಹಲ್ಲುದುರಿಸ್ತೀನಿ."

ಒಣ ಸೊಪ್ಪಿನ ಮೂಟೆಯೊಂದನ್ನು ಕಾಲಲ್ಲಿ ತಳ್ಳಿ ನನ್ನ ಬೆನ್ನಿಗೆ ಕೊಟ್ಟರು. ಅರ್ಧ ಕೂತು ಅರ್ಧ ಮಲಗಿ, ಹಲ್ಲು ಕಚ್ಚದೆ, ಬೆಲ್ಲ ಕರಗುವುದನ್ನು ಕಾದೆ. ನನ್ನ ಜೀವನದಲ್ಲಿ ಅಷ್ಟು ತಾಳ್ಮೆಯ ಕೆಲಸ ಇನ್ನೊಂದು ಮಾಡಿಲ್ಲ. ಸಿಹಿ ನೀರು ನಿಧಾನಕ್ಕೆ ಗಂಟಲಿನ ಗೋಡೆ ಹಿಡಿದು ಇಳಿಯಿತು. ಮೇಲೆ ಒಂದು ಗುಟುಕು ಬಿಸಿನೀರು. ಮತ್ತೆ ಇನ್ನೊಂದು. ಕೋಳಿಗರಿ ಕೆರೆಯುವುದು ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ, ಆದರೆ ಎಮ್ಮೆ ಮಲಗಿತು. ಮೂರು ಸಬ್ಜೆಕ್ಟು ಫೇಲಾದಾಗಲೂ ನನಗೆ ಅಷ್ಟು ಅವಮಾನ ಆಗಿರಲಿಲ್ಲ. ಮೊದಲ ದಿನವೇ ಹೇಳಿದ ಔಷಧಿ ಅದು.

ಇನ್ನು ನಾಲ್ಕೈದು ದಿನಕ್ಕೆ ಹುಳ ಹಣ್ಣಾಯಿತು. ಮೈ ಬಂಗಾರದ ಬಣ್ಣಕ್ಕೆ ತಿರುಗಿದ ಹುಳಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟೆವು. ಕೆಳಗಿನ ಮೂರು ತಟ್ಟೆಯದು ಒಂದು ದಿನ ತಡವಾಗಿ ಹಣ್ಣಾಯಿತು. ಗೂಡು ಬಿಡಿಸುವ ದಿನ ಅತ್ತೆ ಮಂಚದ ಮೇಲೆ ಕೂತು ಒಂದೊಂದು ಹಿಡಿ ತರಿಸಿಕೊಂಡು ನೋಡಿದರು. ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು, ಹೆಬ್ಬೆರಳಲ್ಲಿ ಒತ್ತಿದರು. ಒಳಗಿನ ತಟ್ಟೆಗಳದು ಗಟ್ಟಿ. ಮೇಲಿನ ಎರಡರದೂ ಗಟ್ಟಿ. ಕೆಳಗಿನ ಮೂರರದು ಸ್ವಲ್ಪ ತೆಳು. ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಕೊನೆಗೆ ತಾನೇ ಕೊರಳಿಗೆ ಕೈಹಾಕಿ ಬೀಗದಕೈ ಬಿಚ್ಚಲು ಹೋದಳು.

"ಅದ್ಯಾಕ್ ಬಿಚ್ತೀಯ? ಬೀಗ ಯಾರ್ ಹಾಕೋದು, ನಿನ್ ತಮ್ಮನಾ?" ಅಂದರು ಅತ್ತೆ. ಅಕ್ಕ ಒಳಗೆ ಓಡಿಹೋದಳು. ಒಳಗಿಂದ ಮೂಗೆಳೆದುಕೊಳ್ಳುವ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಸಾಸಿವೆ ಚಟಪಟ ಅಂದಿತು. ತಿಂಗಳ ಮೇಲೆ ಆ ಮನೆಯಲ್ಲಿ ಒಗ್ಗರಣೆ ಬಿತ್ತು.

ನಾನು ಊರಿಗೆ ಹೊರಟ ದಿನ ಆಶೀರ್ವಾದಕ್ಕೆ ಅಂತ ಅತ್ತೆಯ ಕಾಲು ಮುಟ್ಟಿದೆ. ಎದ್ದು ನಿಂತ ಮೇಲೆ, ದೊಡ್ಡ ಸತ್ಯವಂತನ ಹಾಗೆ, "ಅತ್ತೆ, ಅವತ್ತು ತಪ್ಪು ನಂದೇ. ಎಣ್ಣೆ ಕೈಯಲ್ಲಿ ಸೊಪ್ಪು ಹಾಕ್ದೆ. ಪುಣ್ಯಕ್ಕೆ ಮೇಲಿನ್ ಎರಡ್ ತಟ್ಟೆಗೆ ವಾಸ್ನೆ ತಾಗ್ಲಿಲ್ಲ," ಅಂದೆ.

ಅವರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ತಾಗ್ಲಿಲ್ವಾ? ಆ ಎರಡ್ ತಟ್ಟೆ ಸೊಪ್ಪು ತೆಗ್ದು, ಬೇರೆ ಹಾಕಿ, ಕಿಟ್ಕಿ ತೆಗ್ದು ಹೋದೋಳು ನಾನು ಕಣೋ, ರಾತ್ರೀನೇ."

ಕೈಯಲ್ಲಿದ್ದ ಚೀಲ ಕೆಳಗಿಟ್ಟೆ. "ಮತ್ತೆ ಕೆಳಗಿನ ಮೂರು?" ಅಂದೆ.

"ಬಗ್ಬೇಕಲ್ಲೋ! ಈ ಮೊಣಕಾಲು ಬಗ್ಗತ್ತಾ? ನಿಂತ್ಕೊಂಡು ಕೈಗೆ ಸಿಕ್ಕಿದ್ದು ಎರಡೇ. ಮಿಕ್ಕಿದ್ದು ಅವ್ಳೇ ನೋಡ್ಕೊಳ್ಳಿ, ಏನ್ ಮಾಡ್ತಾಳೋ ನೋಡಾಣ ಅಂತ ಹೋಗಿ ಮಲ್ಕೊಂಡೆ. ಮಾಡಿದ್ಲು."

"ನಿಮ್ಗೆ ಹೆಂಗ್ ಗೊತ್ತಾಯ್ತು ಅತ್ತೆ? ವಾಸ್ನೆ ಅಷ್ಟ್ ದೂರಕ್ಕೆ ಬಂತಾ?"

"ವಾಸ್ನೆ ಆಮೇಲ್ ಬಂತು. ನೀನ್ ದಗ್ತಾ ಇದ್ರೆ, ಹುಳದ ಹತ್ರ ಒಬ್ಬ ಎಚ್ರ ಅವ್ನೆ ಅಂತ ನಾನ್ ಆರಾಮಾಗಿ ನಿದ್ದೆ ಮಾಡ್ತಿದ್ದೆ. ಅವತ್ತು ದಗ್ಗು ನಿಂತೋಯ್ತು ನೋಡು, ಭಯ ಆಗಿ ಎದ್ ಬಂದೆ." ಮತ್ತೆ ಅಗಿಯಲು ಶುರುಮಾಡಿ, ಬಸ್ಸು ನಿಲ್ಲುವ ಕಡೆಗೆ ಕೈ ತೋರಿಸಿದರು. "ಮುಂದಿನ್ ಹುಳಕ್ಕೂ ಬಾರೋ ಅಬ್ಬಾಯಿ. ಎಣ್ಣೆ ಮಾತ್ರ ತರ್ಬೇಡ. ದಗ್ಗು ತಗೊಂಡ್ ಬಾ."